‘ಹೋಗಿ ಬರ್ತೀನಿ’ ಅನ್ನುವುದು ಸುಳ್ಳಲ್ಲ ಸ್ವಾಮಿ

ವಿದೇಶದ ಶಾಲೆಗಳಿಗೆ ಭಾಷಾ ಸಹಾಯಕರನ್ನು ಆರಿಸಿ ಕಳಿಸುವ ಕಚೇರಿಯ ನಿರ್ದೇಶಕರಿಗೆ,

ಮಾನ್ಯರೇ, ನನ್ನ ಮೊಮ್ಮಗಳು ತಂಜೀಲಾ ಮಕ್ಕಳಿಗೆ ಸುಳ್ಳು ಹೇಳಿದಳೆಂದು ನೀವು ಬರೆದಿದ್ದೀರಿ. ಅವಳು ಹೇಳಿಲ್ಲ. ಈ ಶುಕ್ರವಾರದೊಳಗೆ ತಪ್ಪೊಪ್ಪಿಗೆಗೆ ಸಹಿ ಹಾಕಬೇಕು, ಇಲ್ಲವಾದರೆ ವರ್ಷ ಮುಗಿಯುವ ಮೊದಲೇ ಊರಿಗೆ ಹೊರಡಬೇಕು ಎಂದು ಅಪ್ಪಣೆ ಮಾಡಿದ್ದೀರಿ. ಅವಳು ಹೆದರಿದ್ದಾಳೆ. ನಾನು ಹೆದರಿಲ್ಲ, ಅದಕ್ಕೇ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ನಾನು ಹಳ್ಳಿಯ ಕನ್ನಡ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಓದಿದವಳು. ಕಾಗುಣಿತ ತಪ್ಪಿದ್ದರೆ ಅದಕ್ಕೂ ಒಂದು ನೋಟಿಸ್ ಕಳಿಸಿ.

ನಡೆದದ್ದು ಇಷ್ಟು. ಫ್ರಾನ್ಸ್ ದೇಶದ ಒಂದು ಸಣ್ಣ ಊರಿನ ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಮಾತು ರೂಢಿ ಮಾಡಿಸುವುದು ತಂಜೀಲಾಳ ಕೆಲಸ. ನಮ್ಮ ಹೊಸಕೋಟೆಯಲ್ಲಿ ಮನೆ ಬಿಡುವವರು ಯಾರೂ ‘ಹೋಗ್ತೀನಿ’ ಎನ್ನುವುದಿಲ್ಲ. ಮನೆಯೊಳಗಿನ ನಮ್ಮ ದಖನಿ ಉರ್ದುವಿನಲ್ಲಿ ‘ಜಾಕೆ ಆತೂಂ’, ಬೀದಿಯ ಕನ್ನಡದಲ್ಲಿ ‘ಹೋಗಿ ಬರ್ತೀನಿ’, ಎರಡೂ ಒಂದೇ. ಒಂದು ಸಂಜೆ ತರಗತಿ ಮುಗಿಸಿ ಹೊರಡುವಾಗ ಹುಡುಗಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. ಮಕ್ಕಳಲ್ಲಿ ಒಂದು ಪುಟ್ಟ ಹೆಣ್ಣುಕೂಸು, ಟೀಚರ್ ಹೋಗಿ ಬರುತ್ತಾಳೆ ಎಂದು ನಂಬಿ ಶಾಲೆಯ ಮೆಟ್ಟಿಲ ಮೇಲೆ ಕಾದು ಕೂತಿತು. ಶಾಲೆಯ ಬಸ್ಸು ಹೊರಟುಹೋಯಿತು. ತಾಯಿ ಹುಡುಕಿಕೊಂಡು ಬರುವ ಹೊತ್ತಿಗೆ ಕತ್ತಲಾಗಿತ್ತು.

ಆ ತಾಯಿಯ ಸಿಟ್ಟು ನ್ಯಾಯವಾದದ್ದು. ನಾನಾಗಿದ್ದರೆ ಶಾಲೆಯ ಮಾಡು ಹಾರಿಹೋಗುವಂತೆ ಕೂಗಾಡುತ್ತಿದ್ದೆ. ತಂಜೀಲಾ ಮರುದಿನವೇ ಅವರ ಮನೆಗೆ ಹೋಗಿ, ಕೂಸಿನ ಎದುರೇ ಕ್ಷಮೆ ಕೇಳಿದಳು. ತಾಯಿ ಕೂರಿಸಿ ಕಾಫಿ ಕೊಟ್ಟಳಂತೆ. ಪೆಟ್ಟು ತಿಂದವರೇ ಮುಗಿಸಿದ ಮಾತನ್ನು ಬೆಂಗಳೂರಿನಲ್ಲಿ ಫ್ಯಾನಿನ ಕೆಳಗೆ ಕೂತ ನೀವು ಯಾಕೆ ಎತ್ತಿಕೊಂಡಿರಿ? ಎತ್ತಿಕೊಂಡವರು ‘ಭಾಷಾಂತರದ ತಪ್ಪು’ ಎಂದು ಬರೆಯಬಹುದಿತ್ತು. ‘ಉದ್ದೇಶಪೂರ್ವಕವಾಗಿ ಸುಳ್ಳು ಭರವಸೆ’ ಎಂದು ಬರೆದಿರಿ. ಆ ಎರಡರ ನಡುವಿನ ಅಂತರ ಭಾಷೆಯ ಕಚೇರಿಗೆ ಗೊತ್ತಿಲ್ಲದಿದ್ದರೆ ಇನ್ನಾರಿಗೆ ಗೊತ್ತಿರಬೇಕು?

ಇದನ್ನು ಕೇಳಲೆಂದೇ ನಾನು ಬಸ್ಸು ಹತ್ತಿ ನಿಮ್ಮಲ್ಲಿಗೆ ಬಂದಿದ್ದೆ. ಅರ್ಧ ಕೇಳಿ ನೀವು ಎದ್ದು ನಿಂತಿರಿ. “ಆಯ್ತಮ್ಮ, ನೋಡೋಣ. ಹೋಗಿ ಬನ್ನಿ,” ಎಂದಿರಿ. ನಾನು ಹೋದೆ. ಮರುದಿನ ಬೆಳಿಗ್ಗೆ ಬಂದೆ. ಬಾಗಿಲಲ್ಲಿ ಕಾವಲಿನವನು ತಡೆದ.

“ಯಾರಜ್ಜಿ ಬರಕ್ಕೇಳಿದ್ದು?”

“ನಿಮ್ಮ ಸಾಹೇಬ್ರೇ ಕಣಪ್ಪಾ. ಹೋಗಿ ಬನ್ನಿ ಅಂದ್ರು, ಹೋಗಿ ಬಂದೆ.”

ಅವನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. “ಅದು ಹೋಗಿ ಅಂತ ಅಜ್ಜಿ. ಬನ್ನಿ ಅನ್ನೋದು ಮರ್ಯಾದೆಗೆ.”

ಸ್ವಾಮಿ, ನೀವು ಹೇಳಿದರೆ ಮರ್ಯಾದೆ, ನನ್ನ ಮೊಮ್ಮಗಳು ಹೇಳಿದರೆ ಸುಳ್ಳೇ? ಅವಳಾದರೂ ಮರುದಿನ ಬಂದಳು. ನೀವು ನನ್ನನ್ನು ಒಳಗೂ ಬಿಡಲಿಲ್ಲ. ಪಕ್ಕದ ಮನೆಯ ಅನುಸೂಯಮ್ಮನಿಗೆ ಹೇಳಿದಾಗ ಆಕೆ ಸೊಪ್ಪು ಸೋಸುತ್ತಲೇ ಕೇಳಿದಳು: “ಹೋಗ್ತೀನಿ ಅಂತ ಹೊರಟ್ರೆ ಎಲ್ಗೆ ಅಂತ ತಿಳ್ಕೋಬೇಕು ಖುರ್ಷಿದಮ್ಮಾ, ಮಸಣಕ್ಕಾ?”

ನೋಟಿಸ್ ಬಂದ ಮೇಲೆ ಸಹಿ ಹಾಕಿ ಮುಗಿಸಿಬಿಡುತ್ತೇನೆ ಎನ್ನುತ್ತಿದ್ದಾಳೆ ತಂಜೀಲಾ. ನಾನು ಬೇಡ ಎನ್ನುತ್ತಿದ್ದೇನೆ. ಅವಳು ಟೀಚರ್ ಆಗಬೇಕೆಂದೇ ಅಷ್ಟು ದೂರ ಹೋದವಳು. ‘ಮಕ್ಕಳಿಗೆ ಸುಳ್ಳು ಹೇಳಿದ್ದೇನೆ’ ಎಂದು ತನ್ನ ಕೈಯಾರೆ ಬರೆದುಕೊಟ್ಟವಳನ್ನು ನಾಳೆ ಯಾವ ಶಾಲೆ ಒಳಗೆ ಬಿಟ್ಟುಕೊಳ್ಳುತ್ತದೆ? ಸಹಿ ಹಾಕದೆ ಬಂದರೆ ಅರ್ಧಕ್ಕೇ ಓಡಿಬಂದವಳು ಎನ್ನುತ್ತಾರೆ. ಎರಡು ಬಾಗಿಲನ್ನೂ ನೀವೇ ಮುಚ್ಚಿದ್ದೀರಿ.

ನಿನ್ನೆ ಫೋನ್ ಇಡುವಾಗ ಅವಳು “ಜಾತೂಂ ದಾದಿ” ಎಂದಳು. ಹೋಗ್ತೀನಿ, ಅಷ್ಟೆ. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. “ಆತೂಂ ಬೋಲ್ ಬೇಟೀ” ಎಂದೆ. ಬರ್ತೀನಿ ಅನ್ನು ಮಗಳೇ. ಅವಳು ಫೋನ್ ಇಟ್ಟುಬಿಟ್ಟಳು.

ಆದ್ದರಿಂದ ಶುಕ್ರವಾರದ ಮೊದಲು ಆ ಕಾಗದದಿಂದ ‘ಸುಳ್ಳು’ ಎಂಬ ಪದ ಹೊಡೆದುಹಾಕಿ. ‘ತಪ್ಪು’ ಎಂದು ಬರೆಯಿರಿ; ಅದಕ್ಕೆ ಅವಳು ಸಹಿ ಹಾಕುತ್ತಾಳೆ, ಬೇಕಿದ್ದರೆ ಪಕ್ಕದಲ್ಲಿ ನಾನೂ ಹಾಕುತ್ತೇನೆ. ಅವಳು ವರ್ಷ ಮುಗಿಸಲಿ. ಆ ಪದ ಹೋಗುವವರೆಗೆ ನಾನು ನಿಮ್ಮ ಗೇಟಿನ ಬಳಿ ಕೂತಿರುತ್ತೇನೆ, ಮರ್ಯಾದೆಗೆ ಎದ್ದು ಹೋಗುವವಳಲ್ಲ.

ಇಂತಿ,
ತಾವು ಹೇಳಿದ್ದನ್ನು ನಿಜವೆಂದು ನಂಬಿ ಬಂದ ಪೆದ್ದಿ,
ಖುರ್ಷಿದ್, ಹೊಸಕೋಟೆ