ಶೀತಲ್ ಬರೆದ ಚಿತ್ರಕ್ಕೆ ಯಂತ್ರದ ಹೆಸರು

ಮಾನ್ಯ ಚಿತ್ರಪ್ರದರ್ಶನದ ಅಧಿಕಾರಿಗಳೇ,

ನನ್ನ ವಿದ್ಯಾರ್ಥಿನಿ ಶೀತಲ್ ಟ್ಯಾಬ್ಲೆಟ್ಟಿನಲ್ಲಿ ಬರೆದ ಚಿತ್ರವನ್ನು ‘ಯಂತ್ರ ಬರೆದದ್ದು’ ಎಂದು ತಾವು ಪ್ರದರ್ಶನದಿಂದ ತೆಗೆಸಿದ್ದೀರಿ. ಮರಾಠಿಯಲ್ಲಿ ಅರ್ಜಿ ಕೊಟ್ಟೆ, ಓದಲಿಲ್ಲ. ಹಿಂದಿಯಲ್ಲಿ ಕೊಟ್ಟೆ, ಓದಲಿಲ್ಲ. ಹೇಗೂ ಓದುವುದಿಲ್ಲವೆಂದ ಮೇಲೆ ಆ ಗೌರವ ನನ್ನ ಕನ್ನಡಕ್ಕೂ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾಗಪುರದ ಸದರ್ ಬಡಾವಣೆಯ ನನ್ನ ಡ್ರಾಯಿಂಗ್ ತರಗತಿಯ ಮಕ್ಕಳಿಗೆ ಟ್ಯಾಬ್ಲೆಟ್ ಬಳಸುವುದನ್ನು ನಾನು ಕಲಿಸಲಿಲ್ಲ. ಅವರೇ ನನಗೆ ಕಲಿಸಿದರು. ನಾನು ಕಲಿಸಿದ್ದು, ಬಣ್ಣ ಆರಿಸುವ ಮುಂಚೆ ಕಣ್ಣು ಬಿಟ್ಟು ನೋಡುವುದನ್ನು. ಶೀತಲ್ ತನ್ನೂರು ಸಾವನೇರಿನ ಮನೆಯಂಗಳವನ್ನು ನೋಡಿದಳು. ಅವಳ ತಾಯಿ ಶಿವಕ್ಕ ಒಗೆದು ಹರವಿದ ಬಿಳಿ ಅಂಗಿಗಳ ಮೇಲೆ ಕಲ್ಲಿದ್ದಲು ಗಣಿಯ ಕರಿಧೂಳು ಕೂರುತ್ತಿರುವುದನ್ನು ಬರೆದಳು. ಯಾವ ಯಂತ್ರ ಆ ಅಂಗಳದಲ್ಲಿ ಬಟ್ಟೆ ಒಗೆದಿತ್ತು, ಸ್ವಾಮಿ?

“ನನ್ನೆದುರು ಬರೆದು ತೋರಿಸಲಿ” ಎಂದಿರಿ. ನ್ಯಾಯವಾದ ಮಾತು. ಎದುರಿಗಿದ್ದವರು ತಾವೇ ಆದ್ದರಿಂದ ತಮ್ಮನ್ನೇ ಬರೆಯತೊಡಗಿದಳು. ನಡುವೆ ನನ್ನ ಕಡೆ ತಿರುಗಿ, “ಸರ್, ಹೊಟ್ಟಿ ಬರೋಬರ್ ಬಂದೈತೇನ್ರಿ?” ಎಂದು ಕೇಳಿದಳು.

“ಬಂದೈತಿ, ಮುಂದ ನಡಿ” ಎಂದೆ.

ತಾವು ಇಣುಕಿ ನೋಡಿ, “ಹೊಟ್ಟೆ ಸ್ವಲ್ಪ ಕಮ್ಮಿ ಮಾಡು, ಬೇಟಾ” ಎಂದಿರಿ. ಮಾಡಿದಳು. ಈಗ ತಮ್ಮ ವಾಟ್ಸಾಪಿನಲ್ಲಿ ಅದೇ ಚಿತ್ರ ರಾರಾಜಿಸುತ್ತಿದೆ. ಅಂಗಳದ ಚಿತ್ರವನ್ನು ತೆಗೆಸಿದ ಆದೇಶ ಮಾತ್ರ ಇದ್ದಲ್ಲೇ ಇದೆ. ಅಂದರೆ ಅಂಗಳವನ್ನು ಬರೆದದ್ದು ಯಂತ್ರ, ತಮ್ಮನ್ನು ಬರೆದದ್ದು ಶೀತಲ್, ಹೌದೇ?

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಮಗಳ ಚಿತ್ರ ನೋಡಲೆಂದು ಬಂದ ಶಿವಕ್ಕನಿಗೆ ತಮ್ಮ ಜವಾನ ಆ ಆದೇಶವನ್ನು ಓದಿ ಹೇಳಿದ.

“ಮಿಷನ್ನ ಬರೀತಿದ್ರ ನೀ ದಿನಾ ಬಸ್ ಹತ್ತಿ ಹೋಗಿ ಏನ್ ಮಾಡ್ತಿದ್ದಿ?” ಎಂದು ಆಕೆ ಮಗಳನ್ನು ಕೇಳಿದರು.

“ಅವ್ವಾ, ನಾನ ಬರದೀನಿ.”

“ಹಂಗಾದ್ರ ಸಾಹೇಬ್ರು ಸುಳ್ಳ ಹೇಳ್ತಾರೇನು?”

ಶೀತಲ್ ಅವ್ವನ ಹಿಂದೆ ಬಸ್ ಹತ್ತಿ ಹೋದಳು. ಅಂದಿನಿಂದ ತರಗತಿಗೆ ಬಂದಿಲ್ಲ. ನಾನು ಸಾವನೇರಿಗೆ ಹೋದೆ. ಶಿವಕ್ಕ ಚಹಾ ಕೊಟ್ಟರು, ನನ್ನ ಮಾತು ನಂಬಲಿಲ್ಲ. “ನೀವು ಮಾಸ್ತರು, ಹುಡುಗಿ ಕಡೆನ ಮಾತಾಡ್ತೀರಿ” ಎಂದರು.

ಬಹುಮಾನ ಬೇಡ, ಪ್ರಮಾಣಪತ್ರವೂ ಬೇಡ. ತಮ್ಮ ಸರ್ಕಾರಿ ಜೀಪು ಒಮ್ಮೆ ಸಾವನೇರಿನ ಕಡೆ ಹೊರಳಲಿ. ಶಿವಕ್ಕನ ಅಂಗಳದಲ್ಲಿ ನಿಂತು, “ಇದನ್ನು ನಿಮ್ಮ ಮಗಳೇ ಬರೆದಳು” ಎಂದು ಹೇಳಿ. ಮರಾಠಿಯಲ್ಲೇ ಹೇಳಿ, ಆಕೆಗೆ ತಿಳಿಯುತ್ತದೆ. ನಾವೆಲ್ಲ ಹೇಳಿ ಸೋತಿದ್ದೇವೆ. ಆಕೆ ನಂಬುವುದು ತಮ್ಮನ್ನು ಮಾತ್ರ.

ಇಂತಿ,
ತನ್ನ ವಿದ್ಯಾರ್ಥಿನಿಯ ತಾಯಿಗೆ ನಂಬಿಕೆ ಸಾಲದ ಡ್ರಾಯಿಂಗ್ ಮಾಸ್ತರ
ಗುರುಶಾಂತಪ್ಪ
ಸದರ್, ನಾಗಪುರ