ಗಂಟು ಬಿಡಿಸುವ ಕೆಲಸ

ಲೋ ಸುಕ್ಕು,

"ಭಾನುವಾರ ನಿಮ್ಮ ಕಡೆ ಬರ್ತಿದೀನಿ, ಲೊಕೇಶನ್ ಹಾಕು, ಒಂದ್ಗಳಿಗೆ ಕೂತು ಹೋಗ್ತೀನಿ" ಅಂತ ನೀನು ಫೋನಿಗೆ ಮಾತಾಡಿ ಕಳಿಸಿದ ದನಿಯನ್ನು ಎಷ್ಟು ಸಲ ಕೇಳಿದೆನೋ ನನಗೇ ಗೊತ್ತಿಲ್ಲ. ಹಿಂದೆ ರೈಲಿನ ಸದ್ದು. ಕೊನೆಯಲ್ಲಿ ನಿನ್ನ ಆ ಅರ್ಧ ನಗು. ಲೊಕೇಶನ್ ಹಾಕುವುದಕ್ಕೆ ಬೆರಳಲ್ಲಿ ಎರಡು ಸಲ ಒತ್ತಿದರೆ ಸಾಕು. ಅದನ್ನು ಒತ್ತಬಾರದು ಅಂತಲೇ ಫೋನನ್ನು ದಿಂಬಿನ ಮೇಲೆ ಇಟ್ಟು ಬಾಯಲ್ಲಿ ಹೇಳುತ್ತಿದ್ದೇನೆ, ಅದು ಬರೆದುಕೊಳ್ಳುತ್ತಿದೆ. ಪಕ್ಕದ ಕೋಣೆಯಲ್ಲಿ ಅಕ್ಕ, ಭಾವ ಮಲಗಿದ್ದಾರೆ, ಜೋರಾಗಿ ಮಾತಾಡುವ ಹಾಗಿಲ್ಲ. ಅಲ್ಲಲ್ಲಿ ತಪ್ಪು ಬಿದ್ದಿದ್ದರೆ ನೀನೇ ತಿದ್ದಿಕೊಂಡು ಓದು.

ಚಟ ಬಿಡಿಸುವ ಆ ಕೇಂದ್ರದಿಂದ ಬಿಟ್ಟ ಮೇಲೆ ಅಕ್ಕ ನನ್ನನ್ನು ತನ್ನ ಮನೆಗೆ ಕರಕೊಂಡು ಬಂದಳು. ಇಸ್ತ್ರಿ ಮಾಡುವ ಮೇಜು, ಖಾಲಿ ಸೂಟ್‌ಕೇಸುಗಳು, ಚಕ್ರ ಬಿಚ್ಚಿದ ಸೈಕಲ್ಲು ಇವೆಲ್ಲ ಇರುವ ಕೋಣೆಯಲ್ಲಿ ಈಗ ನಾನೂ ಇದ್ದೇನೆ. ಕಿಟಕಿ ತೆರೆದರೆ ಎದುರು ಕಟ್ಟಡದ ಗೋಡೆ, ಗೋಡೆಯ ಮೇಲೆ ಒಂದು ನೀರಿನ ಪೈಪು. ಮೊದಮೊದಲು ಅದರ ತುಕ್ಕಿನ ಕಲೆ ನೋಡಿದರೆ ಮಲಗಿದ ನಾಯಿಯ ಹಾಗೆ ಕಾಣುತ್ತಿತ್ತು. ಈಗ ನಾಯಿ ಎದ್ದು ಹೋಗಿದೆ. ತುಕ್ಕು ಮಾತ್ರ ಇದೆ.

ಎಲ್ಲರೂ ನನಗೆ ನೋವಿನ ವಿಷಯ ಹೇಳಿದ್ದರು. ಮೈ ಮುರಿಯುತ್ತದೆ, ನಡುಕ ಬರುತ್ತದೆ, ವಾಂತಿ ಆಗುತ್ತದೆ ಅಂತ. ಎಲ್ಲ ಬಂತು, ಒದ್ದಾಡಿಸಿತು, ಹೋಯಿತು. ಹೋಗದೆ ಕೂತಿರುವುದು ಬೇಜಾರು ಒಂದೇ. ಅದು ಬೆಳಗ್ಗೆ ನಾನು ಕಣ್ಣು ಬಿಡುವುದಕ್ಕಿಂತ ಮುಂಚೆ ಎದ್ದು ಹಲ್ಲುಜ್ಜಿ ಮಂಚದ ತುದಿಯಲ್ಲಿ ಕಾಯುತ್ತಾ ಕೂತಿರುತ್ತದೆ. ಟೀವಿ ಹಾಕಿದರೆ ಅದರಲ್ಲಿ ಯಾರೋ ಯಾರಿಗೋ ಬೈಯುತ್ತಾರೆ, ಯಾಕೆ ಅಂತ ತಿಳಿದುಕೊಳ್ಳುವ ಆಸೆಯೂ ಹುಟ್ಟುವುದಿಲ್ಲ. ಊಟ ಬಾಯಲ್ಲಿ ಕಾಗದ ಅಗಿದ ಹಾಗೆ ಇರುತ್ತದೆ. ಗಡಿಯಾರ ನೋಡುತ್ತೇನೆ, ತುಂಬಾ ಹೊತ್ತಾಯಿತು ಅಂದುಕೊಂಡು ಮತ್ತೆ ನೋಡುತ್ತೇನೆ, ಮುಳ್ಳು ನನ್ನನ್ನು ಅಣಕಿಸುವುದಕ್ಕೆ ಅಂತಲೇ ಅಲ್ಲೇ ನಿಂತಿರುತ್ತದೆ.

ಕೇಂದ್ರದಲ್ಲಿ ನಮ್ಮ ಗುಂಪು ನೋಡಿಕೊಳ್ಳುವ ಸಾರ್ ಒಬ್ಬರಿದ್ದರು. ಒಳ್ಳೆಯವರೇ. "ಬೇಜಾರು ಅಂದ್ರೆ ಬಸ್ಸಿಗೆ ಕಾಯ್ತಾ ನಿಂತ ಹಾಗೆ ಕಣ್ರಪ್ಪಾ, ಸ್ವಲ್ಪ ತಾಳ್ಮೆ ಇಟ್ಕೊಳ್ಳಿ, ಬಂದೇ ಬರುತ್ತೆ" ಅಂದರು. "ಸಾರ್, ಈ ದಾರೀಲಿ ಬಸ್ಸೇ ಓಡಲ್ಲ ಅಂದ್ರೆ?" ಅಂತ ನಾನು ಕೇಳಿದೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಆಮೇಲೆ ಅವರ ಮುಖ ನೋಡಬೇಕಿತ್ತು ನೀನು.

ಇಂಥ ಹೊತ್ತಲ್ಲೆಲ್ಲ ನನಗೆ ಜ್ಞಾಪಕ ಬರುವುದು ನಮ್ಮ ಲಾಂಡ್ರಿ. ಆಸ್ಪತ್ರೆಯ ಬೆಡ್‌ಶೀಟುಗಳು ಬಿಸಿಬಿಸಿಯಾಗಿ ಯಂತ್ರದಿಂದ ಬಂದು ಬೀಳುತ್ತಿದ್ದ ಆ ಮಡಿಸುವ ಕೋಣೆ. ನೀನು ಆ ತುದಿ, ನಾನು ಈ ತುದಿ. ಎಳೆದು ಒಂದು ಸಲ ಝಾಡಿಸುವುದು, ಮಡಿಸುವುದು, ಎದುರುಬದುರು ನಡೆದು ಬಂದು ನಿನ್ನ ಕೈಯ ಮೂಲೆ ನನ್ನ ಕೈಗೆ ಕೊಡುವುದು, ನೀನು ಬಗ್ಗಿ ನಡುವಿನ ಮಡಿಕೆ ಹಿಡಿಯುವುದು, ಮತ್ತೆ ದೂರ. ಕೆಲಸಕ್ಕೆ ಸೇರಿದ ದಿನವೇ ಮೇಲ್ವಿಚಾರಕಿ ಮೇಡಂ ನಿನ್ನ ಹಣೆಯ ಗೆರೆ ನೋಡಿ, "ಇವನಿಗೇ ಮೊದಲು ಇಸ್ತ್ರಿ ಹಾಕ್ಬೇಕಲ್ಲಪ್ಪ" ಅಂದರು. ಅವತ್ತಿನಿಂದ ನೀನು ಸುಕ್ಕು. ಯಂತ್ರಗಳ ಗದ್ದಲದಲ್ಲಿ ಹತ್ತಿರ ಬಂದಾಗ ಮಾತ್ರ ಮಾತು ಕೇಳಿಸುತ್ತಿತ್ತು. ಅದಕ್ಕೇ ನೀನು ಕಥೆಯನ್ನು ಚೂರುಚೂರು ಮಾಡಿ ಹೇಳುತ್ತಿದ್ದೆ. ಮೂಲೆ ಕೊಡುವಾಗ "ನಮ್ಮ ಚಿಕ್ಕಪ್ಪ ಇದ್ದಾನಲ್ಲ" ಅಂತ ಹೇಳಿ ದೂರ ಹೋಗುತ್ತಿದ್ದೆ. ಮುಂದಿನ ಬೆಡ್‌ಶೀಟಿಗೆ ಬಂದು "ಮದುವೆ ದಿನಾನೇ ಹುಡುಗಿ ಮನೆ ವಿಳಾಸ ಮರೆತ" ಅನ್ನುತ್ತಿದ್ದೆ. ಆ ಚಿಕ್ಕಪ್ಪನ ಮದುವೆ ಮುಗಿಯುವಷ್ಟರಲ್ಲಿ ಒಂದು ಇಡೀ ಆಸ್ಪತ್ರೆಗೆ ಹಾಸಿಗೆ ಹಾಸಬಹುದಿತ್ತು. ನಾನು ನಗುತ್ತಾ ಮಡಿಕೆ ಸೊಟ್ಟ ಮಾಡುತ್ತಿದ್ದೆ, ಬೈಗುಳ ಮಾತ್ರ ಇಬ್ಬರಿಗೂ ಸಮಪಾಲು.

ಹಾಗೇ ಒಂದು ದಿನ ನೀನು ಮೂಲೆ ಕೊಡುತ್ತಾ, ಜೇಬಿನಲ್ಲಿದ್ದ ಮಾಲಿನ ಪೊಟ್ಟಣ ತೋರಿಸಿ, "ಒಂದ್ಸಲ ನೋಡ್ತೀಯಾ? ಹೊತ್ತು ಹೋಗೋದೇ ಗೊತ್ತಾಗಲ್ಲ" ಅಂದೆ. ನೀನು ಸುಳ್ಳು ಹೇಳಲಿಲ್ಲ ಬಿಡು. ಹೊತ್ತೂ ಗೊತ್ತಾಗಲಿಲ್ಲ, ವರ್ಷಗಳೂ ಗೊತ್ತಾಗಲಿಲ್ಲ. ಅವತ್ತು ನಾನು ತಪ್ಪಿಸಿಕೊಂಡು ಓಡಿದ ಗಂಟೆಗಳೆಲ್ಲ ಈಗ ವಿಳಾಸ ಹುಡುಕಿಕೊಂಡು ಬಂದು ಈ ಕೋಣೆಯಲ್ಲಿ ತುಂಬಿಕೊಂಡಿವೆ ಅನ್ನಿಸುತ್ತದೆ. ಒಂದೊಂದನ್ನೂ ಎಚ್ಚರವಾಗಿ ಕೂತು ಕಳೆಯಬೇಕು.

ಈಗ ಒಂದು ವಿಷಯ ಹೇಳುತ್ತೇನೆ, ನಗಬೇಡ.

ಅಕ್ಕ ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಾಳೆ, ಅದು ನಿನಗೆ ಗೊತ್ತು. ಒಂದು ದಿನ ಕೆಲಸದಿಂದ ಬರುವಾಗ ಒಂದು ಚೀಲ ತಂದಳು. ಯಾರೋ ಸೀಟಿನ ಕೆಳಗೆ ಬಿಟ್ಟು ಹೋಗಿದ್ದ, ಯಾರೂ ಕೇಳಿಕೊಂಡು ಬರದ ಬೂದು ಬಣ್ಣದ ಉಲ್ಲನ್. ನೋಡಿದರೆ ತಲೆ ಸುತ್ತಬೇಕು, ಅಷ್ಟು ಗಂಟು. "ಇದನ್ನ ಬಿಡಿಸಿ ಉಂಡೆ ಸುತ್ತಿಕೊಡೋ, ಸ್ವೆಟರ್ ಹಾಕ್ಬೇಕು" ಅಂದಳು. ಭಾವ ಪೇಪರಿನಿಂದ ತಲೆ ಎತ್ತಿ, "ನೀನು ಹೆಣೆಯೋದು ಯಾವಾಗ ಕಲ್ತೆ ಮಾರಾಯ್ತಿ?" ಅಂದ. "ನೀವು ಪೇಪರ್ ಓದ್ತಾ ಗೊರಕೆ ಹೊಡೀತೀರಲ್ಲ, ಆವಾಗ" ಅಂದಳು ಅಕ್ಕ.

ನನಗೆ ಮೊದಲು ಸಿಟ್ಟು ಬಂತು. ಚಿಕ್ಕ ಮಗುವಿಗೆ ಆಟಿಕೆ ಕೊಟ್ಟ ಹಾಗೆ ಕೊಟ್ಟಳಲ್ಲ ಅಂತ. ಆದರೂ ಬೇರೆ ಏನಿತ್ತು ಹೇಳು. ಕೂತೆ. ಎಳೆದರೆ ಬಿಗಿಯುತ್ತದೆ, ಸಡಿಲ ಬಿಟ್ಟು ಉಗುರಿನಲ್ಲಿ ಒಂದೊಂದೇ ಎಳೆ ಎತ್ತಬೇಕು. ಒಂದು ಕಡೆ ದಾರ ಪಟ್ಟಂತ ತುಂಡಾಯಿತು. ಲಾಂಡ್ರಿಯಲ್ಲಿ ಮೂಟೆ ಕಟ್ಟುವುದಕ್ಕೆ ನೀನು ಹೇಳಿಕೊಟ್ಟಿದ್ದೆಯಲ್ಲ, ಒಂದು ತುದಿಯನ್ನು ಎರಡು ಸುತ್ತು ಹಾಕಿ ಒಳಗಿಂದ ತೂರಿಸುವ ಗಂಟು, ಅದನ್ನೇ ಹಾಕಿ ಜೋಡಿಸಿದೆ. ತಲೆ ಎತ್ತಿದರೆ ಪೈಪಿನ ಮೇಲಿದ್ದ ಬಿಸಿಲು ಹೋಗಿತ್ತು. ಸುಕ್ಕು, ಒಂದು ಇಡೀ ಮಧ್ಯಾಹ್ನ ಹೋಗಿತ್ತು. ಮಾಲು ಇಲ್ಲದೆ. ನನಗೆ ಗೊತ್ತಿಲ್ಲದ ಹಾಗೆ.

ಉಂಡೆ ಕೊಟ್ಟಾಗ ಅಕ್ಕ ಅದನ್ನು ತಿರುಗಿಸಿ ನೋಡಿ, "ಪರವಾಗಿಲ್ವೇ, ಕೈ ಪಳಗಿದೆ" ಅಂದಳು. ಆಮೇಲೆ ಹಸಿರು ತಂದಳು. ಆಮೇಲೆ ಕೆಂಪು. ಡಿಪೋದಲ್ಲಿ ರಾಶಿ ಬಿದ್ದಿದೆ ಅಂದಳು. ಊರಿನ ಹೆಂಗಸರೆಲ್ಲ ಉಲ್ಲನ್ ಮರೆಯುವುದಕ್ಕೇ ಬಸ್ಸು ಹತ್ತುತ್ತಾರಾ ಅಂತ ನಾನು ತಮಾಷೆ ಮಾಡಿದೆ. ಬೆಳಗ್ಗೆ ಏಳುವುದಕ್ಕೆ ಒಂದು ಕಾರಣ ಸಿಕ್ಕಿತ್ತು ಕಣೋ. ನಾಚಿಕೆ ಆಗುವಷ್ಟು ಸಣ್ಣ ಕಾರಣ, ಆದರೂ ಕಾರಣ.

ಮೊನ್ನೆ ಮತ್ತೆ ಬೂದು ಬಣ್ಣ ಬಂತು. ಬಿಡಿಸುತ್ತಾ ಹೋದವನ ಬೆರಳಿಗೆ ಒಂದು ಗಂಟು ಸಿಕ್ಕಿತು. ಎರಡು ಸುತ್ತು, ಒಳಗಿಂದ ತೂರಿಸಿದ್ದು. ನಮ್ಮ ಮೂಟೆಯ ಗಂಟು. ನಾನೇ ಹಾಕಿದ್ದು.

ನಿನ್ನೆ ಬೆಳಕು ಹರಿಯುವ ಮುಂಚೆ ನೀರು ಕುಡಿಯುವುದಕ್ಕೆ ಎದ್ದೆ. ಅಡುಗೆಮನೆಯ ದೀಪ ಹತ್ತಿತ್ತು. ಅಕ್ಕ ಡಿಪೋದ ಅಂಗಿ ಹಾಕಿಕೊಂಡು, ಒಂದೇ ಕಾಲಿಗೆ ಬೂಟು ಹಾಕಿಕೊಂಡು ಕೂತಿದ್ದಳು. ಮಡಿಲಲ್ಲಿ ನಾನು ಸುತ್ತಿಕೊಟ್ಟ ಹಸಿರು ಉಂಡೆ. ಅದನ್ನು ಬಿಚ್ಚಿ, ಎರಡೂ ಕೈಯಲ್ಲಿ ಕಲಸಿ, ಬೆರಳು ತೂರಿಸಿ, ಎಳೆದು ಎಳೆದು ಗಂಟು ಹಾಕುತ್ತಿದ್ದಳು. ಸೋಪಿನ ನೀರಿಗೆ ಅವಳ ಬೆರಳೆಲ್ಲ ಒಡೆದಿವೆ. ಆ ಬಿರುಕಿಗೆ ದಾರ ಸಿಕ್ಕಿಕೊಂಡಾಗ ಕೈ ಝಾಡಿಸಿ, ಮತ್ತೆ ಗಂಟು ಹಾಕುತ್ತಿದ್ದಳು. ನಾನು ನೀರು ಕುಡಿಯದೆ ವಾಪಸ್ ಬಂದು ಮಲಗಿದೆ.

ಇದನ್ನು ಕೇಳಿದರೆ ಕಣ್ಣಲ್ಲಿ ನೀರು ಬರಬೇಕು ಅಲ್ಲವಾ. ನನಗೆ ಬರಲಿಲ್ಲ. ಯಾರೋ ಎದೆಯ ಮೇಲೆ ಒದ್ದೆ ಮೂಟೆ ಇಟ್ಟ ಹಾಗಾಯಿತು. ಇದ್ದ ಒಂದೇ ಒಂದು ಕೆಲಸ ಅದು, ಅದೂ ಕೆಲಸ ಅಲ್ಲ. ನಾನು ಹಗಲೆಲ್ಲ ಬಿಡಿಸುವುದು, ಅವಳು ನಿದ್ದೆಗೆಟ್ಟು ಕಟ್ಟುವುದು. ಯಾರಿಗೂ ಸ್ವೆಟರ್ ಇಲ್ಲ. ನಿನ್ನೆ ಇಡೀ ದಿನ ಚೀಲ ಮುಟ್ಟಲಿಲ್ಲ, ಪೈಪು ನೋಡುತ್ತಾ ಬಿದ್ದಿದ್ದೆ. ಸಂಜೆ ನಿನ್ನ ದನಿ ಬಂತು.

ನಿಜ ಹೇಳುತ್ತೇನೆ. ನಿನ್ನ ದನಿ ಕೇಳಿ ಇಷ್ಟು ದಿನದಲ್ಲಿ ಮೊದಲನೇ ಸಲ ಮೈಯಲ್ಲಿ ರಕ್ತ ಓಡಿದ ಹಾಗಾಯಿತು. ನನಗೆ ಬೇಕಾಗಿದ್ದು ಮಾಲು ಅಲ್ಲ ಕಣೋ, ನಿನ್ನ ಚಿಕ್ಕಪ್ಪನ ಕಥೆ. ಆದರೆ ನಿನ್ನ ಜೇಬಿನಲ್ಲಿ ಅವೆರಡೂ ಒಂದೇ ಪೊಟ್ಟಣದಲ್ಲಿ ಇರುತ್ತವೆ. ಬಿಟ್ಟಿದ್ದೀಯಾ ಅಂತ ನಿನ್ನನ್ನು ಕೇಳುವುದಿಲ್ಲ. ಆ ಅರ್ಧ ನಗುವಿನ ಇನ್ನರ್ಧ ಎಲ್ಲಿ ಹೋಗಿದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಬರಬೇಡ ಸುಕ್ಕು. ಲೊಕೇಶನ್ ಹಾಕುವುದಿಲ್ಲ. ಇನ್ನು ಮೇಲೆ ದನಿಯನ್ನೂ ಕಳಿಸಬೇಡ. ಕಳಿಸಿದರೆ ಕೇಳುತ್ತೇನೆ, ಕೇಳಿದರೆ ಒತ್ತುತ್ತೇನೆ. ನನ್ನ ಮೇಲೆ ನನಗೆ ಇರುವ ನಂಬಿಕೆ ಅಷ್ಟೇ.

ಗಟ್ಟಿಯಾಗಿಬಿಟ್ಟಿದ್ದಾನೆ ಇವನು ಅಂದುಕೊಳ್ಳಬೇಡ. ನಾಳೆ ಚೆನ್ನಾಗಿರುತ್ತದೆ ಅಂತ ನನಗೆ ಅನ್ನಿಸುತ್ತಿಲ್ಲ. ನೀನಿಲ್ಲದ ಭಾನುವಾರ ಹೇಗಿರುತ್ತದೆ ಅಂತ ಈಗಲೇ ಕಾಣುತ್ತಿದೆ, ಅದರ ಮುಂದಿನದೂ ಕಾಣುತ್ತಿದೆ. ಆದರೆ ಇವತ್ತು ಊಟ ಬಡಿಸುವಾಗ ಅಕ್ಕನ ಬೆರಳಿನ ಬಿರುಕಿನಲ್ಲಿ ಹಸಿರು ಎಳೆ ಒಂದು ಸಿಕ್ಕಿಕೊಂಡಿತ್ತು. "ಯಾಕೋ, ಇವತ್ತೂ ಚೀಲ ತೆಗೀಲಿಲ್ವಲ್ಲ, ಬೇಜಾರಾ?" ಅಂತ ಕೇಳಿದಳು. "ಇಲ್ಲ ಕಣೆ, ಈ ಸಲ ಗಂಟು ಜಾಸ್ತಿ ಇದೆ, ಟೈಮ್ ಹಿಡಿಯುತ್ತೆ" ಅಂದೆ. ಅವಳ ಮುಖದಲ್ಲಿ ಅಷ್ಟು ಸಮಾಧಾನ ನಾನು ನೋಡಿರಲಿಲ್ಲ.

ಭಾನುವಾರ ಕೂತು ಬಿಡಿಸುತ್ತೇನೆ. ಆದಷ್ಟು ನಿಧಾನವಾಗಿ. ಬಿಡಿಸಿದ ಗಂಟನ್ನು ಒಂದೊಂದು ಸಲ ನಾನೇ ಮತ್ತೆ ಹಾಕುತ್ತೇನೆ. ಉಂಡೆ ಬೇಗ ಮುಗಿಯದಿದ್ದರೆ ಅಕ್ಕ ನಾಲ್ಕು ದಿನವಾದರೂ ಬೆಳಗ್ಗಿನ ಹೊತ್ತು ನಿದ್ದೆ ಮಾಡುತ್ತಾಳೆ.

ಎಲ್ಲಿ ಮಲಗಿದರೂ ಬೆಳಗ್ಗೆ ಏಳು ಕಣೋ. ನಿನಗೆ ಹಾರೈಸುವುದಕ್ಕೆ ನನ್ನ ಹತ್ತಿರ ಇರುವುದು ಇಷ್ಟೇ.

ಬೆಡ್‌ಶೀಟಿನ ಈ ತುದಿ ಹಿಡಿದಿದ್ದವನು