ಎಡನಳಿಗೆಯ ಗುಂಡು

ಒಸ್ವಿನ್ ಮೇಸ್ತ್ರಿಗಳೇ,

ನೀವು ತೀರಿಕೊಂಡ ಒಂಬತ್ತು ವರ್ಷದ ಮೇಲೆ, ಇವತ್ತು, ಆ ಜೋಡುನಳಿಗೆಯ ರೈಫಲ್ ನಮ್ಮ ಬಂದೂಕು ಕಟ್ಟುವ ಊರು ಫೆರ್ಲಾಖ್‌ಗೆ ವಾಪಸು ಬಂತು. ಆಫ್ರಿಕಾದಲ್ಲಿ ಕಾಡುಕೋಣ ತಿವಿದು ಸತ್ತ ಬೇಟೆಗಾರನ ಮಗಳು ತಂದಿದ್ದಳು. ಬೇಟೆಯಲ್ಲಿ ಹಾರಿಸುವಂತೆಯೇ ಬಲನಳಿಗೆ ಹಾರಿಸಿ, ಅದು ಬಿಸಿಯಿರುವಾಗಲೇ ಎಡದ್ದನ್ನು ಹಾರಿಸಿದೆ. ಎಡದ ಗುಂಡು ಗುರಿಯಿಂದ ಒಂದು ಗೇಣು ಆಚೆ ಬಿತ್ತು.

ಅಂದು ನಿಮ್ಮ ಕೈಕೆಳಗೆ ಇದರ ನಳಿಗೆಗಳನ್ನು ಬೆಸೆದು ಗುರಿ ಹೊಂದಿಸಿದವನು ನಾನು. ಬಲದ್ದನ್ನು ಹಾರಿಸಿ ಊಟಕ್ಕೆ ಹೋಗಿದ್ದೆ. ತಣ್ಣಗಾದ ಮೇಲೆ ಎಡದ್ದನ್ನು ಹಾರಿಸಿದೆ. ಎರಡೂ ಗುಂಡು ಒಂದೇ ಕಡೆ ಬಿದ್ದಿದ್ದವು.

"ಬಿಸಿಯಲ್ಲೇ ಹಾರಿಸ್ದೆ ತಾನೇ, ಹೊಟ್ಟೆಬಾಕ?" ಅಂದಿರಿ.

ಹೂಂ ಅಂದೆ. ನಂಬಿ ನಿಮ್ಮ ಮುದ್ರೆ ಒತ್ತಿದಿರಿ. ಎಡದ ಗುಂಡು ತಪ್ಪಿ ಬೇಟೆಗಾರ ಸತ್ತ ಸುದ್ದಿ ಬಂದಾಗ ಆ ಮುದ್ರೆಯೇ ನಿಮ್ಮ ಕೆಲಸ ಕಳೆಯಿತು.

"ಇದರ ಗುರಿ ಹೊಂದಿಸಿದ್ದು ಯಾರು, ಮೇಸ್ತ್ರಿ?" ಎಂದು ಇವತ್ತು ಆ ಮಗಳು ನನ್ನನ್ನು ಕೇಳಿದಳು.

ನಾನು ನಿಮ್ಮ ಮುದ್ರೆಯ ಮೇಲೆ ಬೆರಳಿಟ್ಟು ತೋರಿಸಿದೆ.